ಬಳ್ಳಾರಿ ಬಿಸಿಲಲ್ಲಿ ಕೂತು ‘ಚಳಿಯನು ಕೊಂದ’ ಅಂತ ಮಗುವಿಗೆ ಹೇಳಿಕೊಡುವುದು ಹೇಗೆ?

ಬಳ್ಳಾರಿ ಮನೆ
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು, ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಬಿ.ಎಂ.ಶ್ರೀಯವರ ‘ವಸಂತ ಬಂದ, ಋತುಗಳ ರಾಜ ತಾ ಬಂದ’ ಬಾಯಿಪಾಠ ಮಾಡಿಸುತ್ತಿದ್ದೆ. ನಾನೂ ಚಿಕ್ಕವಳಿದ್ದಾಗ ಕುಣಿದು ಕುಣಿದು ಹೇಳಿದ ಪದ್ಯ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದ್ದೇವೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತಿದೆ. ‘ಚಳಿಯನು ಕೊಂದ’ ಅನ್ನುವ ಸಾಲು ಬಂತು ನೋಡಿ, ಅವಳು ನಿಲ್ಲಿಸಿಬಿಟ್ಟಳು. “ಅಮ್ಮ, ಯಾವ ಚಳಿ?”

ಸುಮ್ನೆ ಮುಂದೆ ಹೇಳು ಅಂದೆ. ಹಕ್ಕಿಗಳ ಸಾಲಿಗೆ ಬಂದಾಗ ಮತ್ತೆ ನಿಲ್ಲಿಸಿದಳು. “ಜಗ್ ಜಗ್ ಅನ್ನೋದು ಯಾವ ಹಕ್ಕಿ? ಪುವ್ವೀ ಯಾವುದು? ಟೂವಿಟ್ಟವೂ ಯಾವುದು? ನಮ್ಮೂರಲ್ಲಿ ಇವೆಯಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಈ ಪದ್ಯ ನನ್ನ ಬಾಯಲ್ಲಿದೆ, ಒಂದು ಸಲವೂ ನಾನು ಇದನ್ನು ಕೇಳಿಕೊಂಡಿರಲಿಲ್ಲ.

ಇಂಗ್ಲಿಷಿನಿಂದ ಬಂದ ಪದ್ಯ ಅಂತ ಗೊತ್ತು. ಆದರೂ ಕೇಳುತ್ತೇನೆ. ಬೇರೆ ಬೇರೆ ನಾಡಿನ ಬರಹಗಾರರು ಕಾಡು, ಮಳೆ, ಹಕ್ಕಿ, ಬಿಸಿಲನ್ನು ಬೇರೆ ಬೇರೆ ಥರ ಕಾಣುತ್ತಾರಾ? ಅಥವಾ ಕಣ್ಣು ಒಂದೇ, ನೆಲ ಮಾತ್ರ ಬೇರೆಯಾ? ನಮ್ಮ ಮಕ್ಕಳಿಗೆ ನಾವು ಯಾರದೋ ಊರಿನ ವಸಂತವನ್ನು ಕಲಿಸುತ್ತಿದ್ದೇವಾ?

ಕಾಗದದ ದೋಣಿ
ಅಯ್ಯೋ, ನನಗೆ ಡ್ಯಾಫೋಡಿಲ್ ಹೂವಿನ ಪದ್ಯದಲ್ಲಿ ಹೀಗೇ ಆಗಿತ್ತು. ಪರೀಕ್ಷೆಯಲ್ಲಿ ಪೂರ್ತಿ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡೆ. ಹೂವು ಹಳದಿ ಅಂತ ಪದ್ಯ ಹೇಳಿತ್ತು, ಹಾಗಾಗಿ ಸೇವಂತಿಗೆ ಅಂದುಕೊಂಡಿದ್ದೆ.

ರದ್ದಿ ಅಂಗಡಿ
ಆ ಪದ್ಯದ ಮೂಲ ಥಾಮಸ್ ನ್ಯಾಶ್ ಎಂಬವನದು. ಒಂದು ನಾಟಕದೊಳಗಿನ ಹಾಡು. ನಾಟಕ ಆಡಿದ್ದು 1592ರಲ್ಲಿ, ಅಚ್ಚಾಗಿದ್ದು 1600ರಲ್ಲಿ. ಆಗ ಲಂಡನ್ನಿನಲ್ಲಿ ಪ್ಲೇಗು. ಅದೇ ನಾಟಕದಲ್ಲಿ ‘ನನಗೆ ರೋಗ ಬಂದಿದೆ, ನಾನು ಸಾಯಲೇಬೇಕು’ ಅನ್ನುವ ಇನ್ನೊಂದು ಹಾಡೂ ಇದೆ. ಹಾಗಾಗಿ ಆ ವಸಂತದ ಸಂತೋಷ ಸುಮ್ಮನೆ ಬಂದದ್ದಲ್ಲ. ಚಳಿಗಾಲ ದಾಟಿ ಬದುಕಿ ಉಳಿದವರ ಸಂತೋಷ ಅದು.

ಈಗ ನಿಮ್ಮ ಪ್ರಶ್ನೆ. ಮೊದಲ ನುಡಿ ನೋಡಿ ಪದ್ಯವನ್ನು ತಳ್ಳಿಬಿಡಬೇಡಿ, ಮುಂದಿನ ನುಡಿಗಳನ್ನೂ ಓದಿಸಿ. ನ್ಯಾಶ್ ಕೊನೆಯ ನುಡಿಯಲ್ಲಿ ಡೇಸಿ ಹೂವು ಪಾದಕ್ಕೆ ಮುತ್ತಿಡುತ್ತದೆ ಅನ್ನುತ್ತಾನೆ. ಶ್ರೀ ಅಲ್ಲಿ ಮಾವು ತಂದರು, ಮಲ್ಲಿಗೆ ತಂದರು. ನ್ಯಾಶ್‌ನ ಪದ್ಯದಲ್ಲಿ ಮುದುಕಿಯರು ಬಿಸಿಲು ಕಾಯಿಸಿಕೊಳ್ಳುತ್ತಾ ಕೂರುತ್ತಾರೆ. ಶ್ರೀ ಅವರನ್ನು ಎಬ್ಬಿಸಿ ಆ ಜಾಗದಲ್ಲಿ ಜಾತ್ರೆಯ ಗುಂಪನ್ನು ನಿಲ್ಲಿಸಿದರು. ‘ಬೆಳದಿಂಗಳೂಟ’ ಅಂತೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಅದು ಪೂರ್ತಿ ನಮ್ಮದು.

ಏಪ್ರಿಲ್‌ನಲ್ಲಿ ಬಿಸಿಲು ಕಾಯಿಸಲು ಕೂರುವ ಅಜ್ಜಿಯನ್ನು ಕನ್ನಡ ನಾಡಿನಲ್ಲಿ ತೋರಿಸಿ ನೋಡೋಣ! ಅದು ಇಲ್ಲಿ ನಡೆಯಲ್ಲ ಅಂತ ಶ್ರೀಯವರಿಗೆ ಗೊತ್ತಿತ್ತು.

ಬಳ್ಳಾರಿ ಮನೆ
ಬೆಳದಿಂಗಳೂಟ ಮೂಲದಲ್ಲೇ ಇದೆ ಅಂದುಕೊಂಡಿದ್ದೆ. ಹಾಗಾದರೆ ಚಳಿಯನ್ನು ಯಾಕೆ ಹಾಗೇ ಬಿಟ್ಟರು?

ರದ್ದಿ ಅಂಗಡಿ
ಬಂದ, ತಂದ, ನಿಂದ, ಕೊಂದ, ಚಂದ. ಪ್ರಾಸ ಎಳೆದುಕೊಂಡು ಹೋಯಿತು ಅಂತ ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಚಳಿ ಕುಟುಕುವುದಿಲ್ಲ ಅಂತಷ್ಟೇ ಇದೆ. ಕೊಲ್ಲಿಸಿದ್ದು ನಮ್ಮ ಶ್ರೀಯವರೇ.

ಮಿನಸೋಟ ಮಂಜು
ನಾನು ದಾವಣಗೆರೆಯವಳು. ಮಿನಸೋಟಾಕ್ಕೆ ಬಂದು ಆರು ವರ್ಷ ಆಯಿತು. ಆ ಸಾಲು ನನಗೆ ಅರ್ಥವಾಗಿದ್ದು ಇಲ್ಲಿ.

ನವೆಂಬರ್‌ನಲ್ಲಿ ಬೀಳುವ ಹಿಮ ಏಪ್ರಿಲ್‌ವರೆಗೂ ಮೂಲೆಯಲ್ಲಿ ಕಪ್ಪಾಗಿ ಬಿದ್ದಿರುತ್ತದೆ. ಮರಗಳು ಒಣ ಕಡ್ಡಿ. ಒಂದು ಹಕ್ಕಿ ದನಿ ಇರುವುದಿಲ್ಲ. ಮೊದಲ ವರ್ಷ ಈ ಮರಗಳು ಸತ್ತೇ ಹೋಗಿವೆ ಅಂತ ನಂಬಿದ್ದೆ. ಆಮೇಲೆ ಒಂದು ದಿನ ಕೋಟು ಇಲ್ಲದೆ ಹೊರಗೆ ಬಂದೆ. ಚರಂಡಿಯಲ್ಲಿ ನೀರು ಹರಿಯುವ ಸದ್ದು. ಅಷ್ಟೇ. ಅಲ್ಲೇ ನಿಂತು ಅತ್ತುಬಿಟ್ಟೆ. ಬಾಯಿಗೆ ಬಂದದ್ದು ಇದೇ ಪದ್ಯ, ‘ಚಳಿಯನು ಕೊಂದ’.

ಪದ್ಯ ಸುಳ್ಳಲ್ಲ ಅಕ್ಕಾ. ಅದು ಬೇರೆ ಊರಿನ ನಿಜ.

ಎರೆ ಹೊಲ
ಎಲ್ಲ ಸರಿ. ಆದರೆ ನಮ್ಮ ಕಡೆ ವಸಂತ ಯಾವತ್ತು ರಾಜ ಆಗಿದ್ದ? ನಾನು ಗದಗ ಕಡೆಯ ರೈತ. ನಮಗೆ ರಾಜ ಅಂದರೆ ಮಳೆ. ಅದೂ ಒಂದು ಮಳೆ ಅಲ್ಲ, ಒಂದೊಂದು ನಕ್ಷತ್ರಕ್ಕೆ ಒಂದೊಂದು ಗುಣ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಇವನ್ನು ಯಾವ ಕವಿ ಬರೆದ? ಹೊಲದಲ್ಲಿ ನಿಂತವರು ಹೇಳಿದ್ದು.

ಬೇಂದ್ರೆ ಓದಿ. ಶ್ರಾವಣ ಬಂತು ಅಂತ ಹಾಡುವಾಗ ಅವರಿಗೆ ಕಡಲಲ್ಲಿ ಕಂಡಿದ್ದು ಕುಣಿಯುವ ರಾವಣ. ಗಾಳಿ ಭೈರವನ ರೂಪ ತಾಳುತ್ತದೆ. ಆಮೇಲೆ ಬೆಟ್ಟಗಳು ಅಂಗಿ ತೊಡುತ್ತವೆ. ಭಯ, ಭಕ್ತಿ, ಸಂತೋಷ ಮೂರೂ ಒಂದೇ ಉಸಿರಿನಲ್ಲಿ. ಮಳೆಯನ್ನು ಕಾದು ಕೂತ ನೆಲದವರು ಬರೆಯುವುದು ಹೀಗೆ. ಇಂಗ್ಲೆಂಡಿನಲ್ಲಿ ವರ್ಷವಿಡೀ ಪಿರಿಪಿರಿ ಹನಿಯುತ್ತದೆ, ಅವರ ಮಕ್ಕಳು ‘ಮಳೆಯೇ ಹೋಗು’ ಅಂತ ಹಾಡುತ್ತಾರೆ. ನಮ್ಮ ಮಕ್ಕಳು ‘ಹುಯ್ಯೋ ಹುಯ್ಯೋ ಮಳೆರಾಯ’ ಅಂತಾರೆ. ಇದಕ್ಕಿಂತ ಸಾಕ್ಷಿ ಬೇಕಾ?

ಕಾಗದದ ದೋಣಿ
ಮಳೆಯೇ ಹೋಗು, ಹುಯ್ಯೋ ಮಳೆರಾಯ... ಇದು ಎಷ್ಟು ಸರಿಯಾದ ಹೋಲಿಕೆ! ನಾನು ಎರಡನ್ನೂ ಒಂದೇ ನರ್ಸರಿಯಲ್ಲಿ ಕಲಿತೆ.

ಮೂಲೆಮನೆ ಮಾಸ್ತರು
@ಎರೆ ಹೊಲ, ಒಂದು ತಿದ್ದುಪಡಿ. ವಸಂತ ಋತುರಾಜ ಅನ್ನುವುದು ಬ್ರಿಟಿಷರು ತಂದದ್ದಲ್ಲ, ಸಂಸ್ಕೃತ ಕಾವ್ಯದ ಹಳೆಯ ಮಾತು. ನ್ಯಾಶ್ ಕೂಡ ವಸಂತವನ್ನು ವರ್ಷದ ರಾಜ ಅಂದ, ನಮ್ಮಲ್ಲೂ ಆ ಪದ ಸಿದ್ಧವಾಗಿತ್ತು. ಅದಕ್ಕೇ ಅನುವಾದ ಅಷ್ಟು ಸಲೀಸಾಗಿ ಕೂತಿತು. ಆದರೆ ನೋಡಿ, ಕಾಳಿದಾಸನ ಋತುಸಂಹಾರ ಶುರುವಾಗುವುದೇ ಗ್ರೀಷ್ಮದಿಂದ. ಸುಡುವ ಬಿಸಿಲಿನಿಂದ. ಹಾವಿನ ಹೆಡೆಯ ನೆರಳಲ್ಲಿ ಕಪ್ಪೆ ಕೂರುವಷ್ಟು ಸೆಕೆ. ಐದು ಋತು ದಾಟಿ ಕೊನೆಗೆ ವಸಂತ. ಬಳ್ಳಾರಿ ಮಗುವಿಗೆ ಅದನ್ನು ಓದಿದರೆ ‘ಯಾವ ಬಿಸಿಲು’ ಅಂತ ಕೇಳುವುದಿಲ್ಲ.

ಪಂಪನೂ ಇದ್ದಾನೆ. ಮತ್ತೆ ಹುಟ್ಟಿದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಬನವಾಸಿಯ ತೋಟದಲ್ಲಿ ಹುಟ್ಟಬೇಕು ಅಂತ ಬೇಡಿದವನು. ಸಾವಿರ ವರ್ಷ ಹಿಂದೆ ಒಬ್ಬ ದಂಡಿನ ಮನುಷ್ಯ ‘ನನಗೆ ಸ್ವರ್ಗ ಬೇಡ, ಆ ಮಾವು ಮಲ್ಲಿಗೆ ಸಾಕು’ ಅನ್ನುವ ಮಾತು ಅದು.

ಕೆರೆ ಏರಿ
ಮಾಸ್ತರೇ, ಪಂಪನ ಬಗ್ಗೆ ತಕರಾರಿಲ್ಲ. ಆದರೆ ಹಳೆಯ ಕಾವ್ಯದ ಪ್ರಕೃತಿ ಬಹಳಷ್ಟು ಪಟ್ಟಿ ನೋಡಿ ಬರೆದದ್ದು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಬೇಕು. ಕಡಲು, ಬೆಟ್ಟ, ಸೂರ್ಯೋದಯ, ಚಂದ್ರೋದಯ, ಋತು, ಹೀಗೆ. ಕಡಲು ನೋಡಿರಲಿ ಬಿಡಲಿ, ಕಡಲು ಬರೆಯಲೇಬೇಕು. ಚಾತಕ ಮಳೆಹನಿ ಬಿಟ್ಟು ಬೇರೆ ಕುಡಿಯಲ್ಲ, ಚಕೋರ ಬೆಳದಿಂಗಳು ಕುಡಿಯುತ್ತೆ. ಯಾವ ಹಕ್ಕಿ ಬೆಳದಿಂಗಳು ಕುಡಿಯಿತು ಸ್ವಾಮಿ? ಹಕ್ಕಿ ನೋಡಲು ದುರ್ಬೀನು ಹಿಡಿದು ಇಪ್ಪತ್ತು ವರ್ಷದಿಂದ ಅಲೆಯುತ್ತಿದ್ದೇನೆ. ನನಗೆ ಆ ಸಿದ್ಧ ಹಕ್ಕಿಗಳನ್ನು ಕಂಡರೆ ಬೇಸರ.

ಮೂಲೆಮನೆ ಮಾಸ್ತರು
ಬೇಸರ ಬೇಡ. ಚಾತಕ ಮಳೆಗಾಲದ ಜೊತೆ ಬರುವುದು ನಿಜ ತಾನೇ? ನೋಡಿದ್ದರಿಂದಲೇ ಕಥೆ ಹುಟ್ಟಿದ್ದು.

ಕೆರೆ ಏರಿ
ಅದು ಒಪ್ಪಿದೆ. ಆಫ್ರಿಕಾ ಕಡೆಯಿಂದ ಮುಂಗಾರಿನ ಜೊತೆಗೇ ಬರುತ್ತದೆ. ಜುಟ್ಟಿನ ಕಪ್ಪು ಬಿಳುಪು ಹಕ್ಕಿ. ಮೊದಲು ನೋಡಿದವನಿಗೆ ನನ್ನ ನಮಸ್ಕಾರ. ಆಮೇಲೆ ನೋಡದೆ ನಕಲು ಮಾಡಿದ ಸಾವಿರ ಕವಿಗಳ ಬಗ್ಗೆ ನನ್ನ ಜಗಳ.

ಹೊಸೂರು ದಾರಿ
ಪಟ್ಟಿ ಇದ್ದರೆ ಕೆಟ್ಟದ್ದು ಅಂತ ಯಾಕೆ? ನಾನು ಚೆನ್ನೈನಲ್ಲಿ ಓದಿದವನು, ಸಂಗಂ ಅನ್ನುವ ಪ್ರಾಚೀನ ತಮಿಳು ಪದ್ಯಗಳ ಹುಚ್ಚು ಹಿಡಿದಿತ್ತು. ಅಲ್ಲಿ ಐದು ‘ತಿಣೈ’ ಇವೆ, ಅಂದರೆ ಐದು ಬಗೆಯ ನೆಲ, ಒಂದೊಂದಕ್ಕೆ ಒಂದೊಂದು ಭಾವ. ಕುರಿಂಜಿ ಅಂದರೆ ಬೆಟ್ಟ, ಪ್ರೇಮಿಗಳು ಕೂಡುವುದು. ಮುಲ್ಲೈ ಅಂದರೆ ಕಾಡು, ನಂಬಿಕೆಯಿಂದ ಕಾಯುವುದು. ಮರುದಂ ಅಂದರೆ ಗದ್ದೆ ಬಯಲು, ಗಂಡ ಬೇರೆಯವಳ ಮನೆಗೆ ಹೋದನೆಂಬ ಮುನಿಸು. ನೆಯ್ದಲ್ ಅಂದರೆ ಕಡಲತಡಿ, ಕಳವಳ. ಪಾಲೈ ಅಂದರೆ ಒಣಭೂಮಿ, ಅಗಲಿಕೆ.

ಈಗ ಇದರ ಚಂದ ನೋಡಿ. ಹುಡುಗಿ ‘ನನಗೆ ದುಃಖ’ ಅನ್ನುವುದೇ ಇಲ್ಲ. ಕಡಲತಡಿಯ ಹಕ್ಕಿಯ ಬಗ್ಗೆ ಒಂದು ಮಾತು ಹೇಳುತ್ತಾಳೆ. ಕೇಳುವವರಿಗೆ ಎಲ್ಲ ಅರ್ಥವಾಗುತ್ತದೆ. ಅಲ್ಲಿ ಭೂಮಿ ಅಂದರೆ ನೋಡುವ ಚಿತ್ರ ಅಲ್ಲ, ಮಾತನಾಡುವ ಭಾಷೆ. ಇದನ್ನು ಹೊರಗಿನ ಜಗತ್ತಿಗೆ ಇಂಗ್ಲಿಷಿನಲ್ಲಿ ತಲುಪಿಸಿದ್ದು ನಮ್ಮ ಮೈಸೂರಿನ ಎ.ಕೆ.ರಾಮಾನುಜನ್. 1967ರಲ್ಲಿ ಆ ಪುಸ್ತಕ ಬಂತು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ಒಳಗಿನ ಭೂದೃಶ್ಯ’. ಒಳಗಿನದು. ಎಂಥ ಮಾತು!

ಕಾಗದದ ದೋಣಿ
ಕುರಿಂಜಿ ಅಂದರೆ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿನಾ?

ಹೊಸೂರು ದಾರಿ
ಹೌದು, ಆ ಹೂವಿನ ಹೆಸರೇ ಬೆಟ್ಟಕ್ಕೆ, ಬೆಟ್ಟದ ಪ್ರೇಮಕ್ಕೆ ಎರಡಕ್ಕೂ.

ಚಂದ್ರದ್ರೋಣ
2022ರಲ್ಲಿ ನಮ್ಮ ಚಿಕ್ಕಮಗಳೂರು ಗಿರಿಯಲ್ಲಿ ಅರಳಿತ್ತು. ಬೆಟ್ಟ ಪೂರ್ತಿ ನೀಲಿ. ಜನ ಕಾರು ನಿಲ್ಲಿಸಿ ಗಿಡ ತುಳಿದು ಫೋಟೋ ತೆಗೆದರು, ಕಿತ್ತು ಮುಡಿಗೆ ಇಟ್ಟುಕೊಂಡರು. ಹನ್ನೆರಡು ವರ್ಷ ಕಾದು ಬೀಜ ಕಟ್ಟಿ ಸಾಯುವ ಗಿಡ ರೀ ಅದು. ಹೂವು ಕಿತ್ತರೆ ಬೀಜ ಎಲ್ಲಿಂದ? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಿಳಿಗೋಡೆ
ವಿಷಯಾಂತರ ಆದರೂ ಹೇಳುತ್ತೇನೆ, ಬೆಂಗಳೂರಿನ ವಸಂತ ಅಂದರೆ ಈಗ ಟಬೂಬಿಯಾ ಮರದ ಗುಲಾಬಿ ಫೋಟೋ. ಅದು ದಕ್ಷಿಣ ಅಮೆರಿಕಾ ಕಡೆಯ ಮರ. ನಮ್ಮ ಮುತ್ತುಗ ಬೆಂಕಿ ಹಚ್ಚಿದ ಹಾಗೆ ಅರಳಿದ್ದನ್ನು ಯಾರೂ ಫೋಟೋ ಹಾಕಲ್ಲ.

ಚಂದ್ರದ್ರೋಣ
ಮುತ್ತುಗ ನೋಡಲು ಊರು ಬಿಟ್ಟು ಹೋಗಬೇಕಲ್ಲ, ಅದಕ್ಕೆ.

ಕ್ಯೋಟೋ ಕಿಟ್ಟಿ
ಜಪಾನಿನಲ್ಲಿ ಓದುತ್ತಿದ್ದೇನೆ, ಪಟ್ಟಿ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಹೈಕು ಎಂಬ ಪುಟ್ಟ ಪದ್ಯಕ್ಕೆ ‘ಕಿಗೊ’ ಬೇಕು, ಅಂದರೆ ಋತು ಹೇಳುವ ಒಂದು ಪದ. ಅದಕ್ಕೆ ದಪ್ಪ ದಪ್ಪ ನಿಘಂಟುಗಳೇ ಇವೆ. ಬರೀ ‘ಚಂದ್ರ’ ಅಂದರೆ ಶರತ್ಕಾಲ. ಜೀರುಂಡೆ ಅಂದರೆ ಬೇಸಿಗೆ. ಕಪ್ಪೆ ಅಂದರೆ ವಸಂತ! ಹೈಕು ಕವಿ ಬಾಶೋ ಬರೆದ ಹಳೆಯ ಕೊಳದ ಕಪ್ಪೆ ಎಲ್ಲರಿಗೂ ಗೊತ್ತು, 1686ರದ್ದು. ನಾನು ಅದನ್ನು ಕನ್ನಡದಲ್ಲಿ ಓದಿದಾಗ ಮನಸ್ಸಿನಲ್ಲಿ ಜೋರು ಮಳೆ ಸುರಿಯುತ್ತಿತ್ತು. ನಮಗೆ ಕಪ್ಪೆ ಅಂದರೆ ಮಳೆಗಾಲ ತಾನೇ? ಇಲ್ಲಿ ನನ್ನ ಮೇಷ್ಟ್ರು ನಕ್ಕು ಹೇಳಿದರು, ‘ಮಳೆ ಇಲ್ಲ. ಮೌನ. ಚಳಿ ಈಗಷ್ಟೇ ಹೋಗಿದೆ.’

ಅದೂ ಅಲ್ಲದೆ ಅಲ್ಲಿಯವರೆಗೆ ಜಪಾನಿ ಪದ್ಯದಲ್ಲಿ ಕಪ್ಪೆ ಅಂದರೆ ಅದರ ಕೂಗು. ಬಾಶೋ ಕೂಗು ಬಿಟ್ಟು ಅದು ನೀರಿಗೆ ಹಾರಿದ ಸದ್ದು ಕೇಳಿಸಿದ. @ಕೆರೆ ಏರಿ, ಪಟ್ಟಿಯೊಳಗೇ ಇದ್ದು ಪಟ್ಟಿ ಮುರಿಯಬಹುದು.

ಮೂಲೆಮನೆ ಮಾಸ್ತರು
ಚೆನ್ನಾಗಿ ಹೇಳಿದಿರಿ. ನಮ್ಮ ಋಗ್ವೇದದಲ್ಲೂ ಕಪ್ಪೆಗಳ ಸೂಕ್ತ ಇದೆ, ಏಳನೇ ಮಂಡಲದಲ್ಲಿ. ಮೊದಲ ಮಳೆಗೆ ಕಪ್ಪೆಗಳು ಒಂದರ ಹಿಂದೆ ಒಂದು ಕೂಗುವುದು ಗುರುವಿನ ಹಿಂದೆ ಶಿಷ್ಯರು ಪಾಠ ಒಪ್ಪಿಸಿದ ಹಾಗೆ ಅಂತ. ಜಪಾನಿನಲ್ಲಿ ಒಂದೇ ಕಪ್ಪೆ, ಒಂದೇ ಸದ್ದು. ನಮ್ಮಲ್ಲಿ ಕೆರೆ ತುಂಬ ಕಪ್ಪೆ, ಗಲಾಟೆಯೋ ಗಲಾಟೆ.

ಎರೆ ಹೊಲ
ಆ ಗಲಾಟೆ ಕೇಳಿದ ಮೇಲೆಯೇ ನಮಗೆ ನಿದ್ದೆ ಬರುವುದು.

ಸೋಗೆ ಮನೆ
ಎಲ್ಲರೂ ಬೆಟ್ಟ ಹೂವು ಕಪ್ಪೆ ಅಂತ ಚಂದ ಚಂದ ಮಾತಾಡುತ್ತಿದ್ದೀರಿ. ನಾನು ಸಕಲೇಶಪುರ ಕಡೆಯ ಬೆಳೆಗಾರ. ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ಮನೆ ಹಿಂದೆ ಬಾಳೆ ಮುರಿಯುವ ಸದ್ದು. ಟಾರ್ಚು ಬಿಟ್ಟರೆ ಹದಿನೈದು ಅಡಿ ದೂರದಲ್ಲಿ ಆನೆಯ ಕಾಲು. ಪೂರ್ತಿ ಆನೆ ಕಾಣಲಿಲ್ಲ, ಕಾಲು ಮಾತ್ರ. ಮಣ್ಣು ಮೆತ್ತಿಕೊಂಡ ಉಗುರು. ಉಸಿರು ಬಿಡದೆ ಅರ್ಧ ಗಂಟೆ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಬೆಳಿಗ್ಗೆ ನೋಡಿದರೆ ಅಪ್ಪ ನೆಟ್ಟ ನಲವತ್ತು ಅಡಿಕೆ ಮರ ನೆಲಕ್ಕೆ.

ಕಾಡು ದೇವರು ಅಂತ ಬರೆಯುವವರು ಆ ಗೋಡೆಗೆ ಒತ್ತಿಕೊಂಡು ಒಂದು ರಾತ್ರಿ ನಿಲ್ಲಲಿ. ನನ್ನ ಪ್ರಕಾರ ಪ್ರಕೃತಿ ಬಗ್ಗೆ ಚಂದ ಬರೆಯುವವರು ಎಲ್ಲ ದೇಶದಲ್ಲೂ ಒಂದೇ ಥರದವರು. ಊಟ ಬೇರೆ ಕಡೆಯಿಂದ ಬರುವವರು.

ಕವಲುದಾರಿ
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕೊನೆಯ ಮಾತು ಒಪ್ಪಲ್ಲ. ಕಾರಂತರ ‘ಬೆಟ್ಟದ ಜೀವ’ ಓದಿದ್ದೀರಾ? 1943ರ ಕಾದಂಬರಿ. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದ ಮನುಷ್ಯ. ಕಾರಂತರು ಅವರನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ! ಅಲ್ಲಿ ಕಾಡು ದೇವರಲ್ಲ, ದಿನಾ ಕುಸ್ತಿ ಹಿಡಿಯುವ ಜೊತೆಗಾರ.

ಅದಕ್ಕೂ ನಾಲ್ಕು ವರ್ಷ ಮುಂಚೆ, 1939ರಲ್ಲಿ, ಬಂಗಾಳಿಯಲ್ಲಿ ಬಿಭೂತಿಭೂಷಣರ ‘ಆರಣ್ಯಕ’ ಬಂತು. ಅದರಲ್ಲಿ ಕಥೆ ಹೇಳುವವನು ಜಮೀನ್ದಾರರ ಕಡೆಯ ಮ್ಯಾನೇಜರ್. ಬಿಹಾರದ ಭಾಗಲ್ಪುರ ಕಡೆಯ ಕಾಡನ್ನು ರೈತರಿಗೆ ಹಂಚುವುದೇ ಅವನ ಕೆಲಸ. ಆ ಕಾಡನ್ನು ಅವನು ಪ್ರೀತಿಸುತ್ತಾನೆ, ತನ್ನ ಕೈಯಾರೆ ಮುಗಿಸುತ್ತಾನೆ, ಕೊನೆಗೆ ಕಾಡಿನ ದೇವತೆಗಳ ಹತ್ತಿರ ಕ್ಷಮೆ ಕೇಳುತ್ತಾನೆ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ, ಒಂದೇ ಕೆಲಸ. ಒಂದು ಕಡೆ ಕಡಿದವನು ನಾಯಕ, ಇನ್ನೊಂದು ಕಡೆ ಕಡಿಸಿದವನು ತಪ್ಪೊಪ್ಪಿಕೊಳ್ಳುವವನು. ಯಾಕೆ? ಗೋಪಾಲಯ್ಯ ಅಲ್ಲೇ ಬದುಕುತ್ತಾರೆ, ಸಾಯುವವರೆಗೂ ಇರುತ್ತಾರೆ. ಮ್ಯಾನೇಜರು ಕಲ್ಕತ್ತಾದಿಂದ ಬಂದವನು, ವಾಪಸ್ ಹೋಗುವವನು. ಹಾಗಾಗಿ ಸಂಸ್ಕೃತಿಗಿಂತ ಇದು ಜಾಸ್ತಿ ಮುಖ್ಯ ಅನಿಸುತ್ತದೆ ನನಗೆ. ಬರೆಯುವವನು ಆ ನೆಲದ ಮೇಲೆ ಏನು ಕೆಲಸ ಮಾಡುತ್ತಿದ್ದ ಅನ್ನುವುದು.

ಸೋಗೆ ಮನೆ
ಬೆಟ್ಟದ ಜೀವ ಓದಿದ್ದೇನೆ, ಮರೆತಿದ್ದೆ. ಸರಿ, ಕಾರಂತರನ್ನು ಬಿಟ್ಟು ಉಳಿದವರಿಗೆ ಹೇಳಿದ್ದು ಅಂದುಕೊಳ್ಳಿ. ಕುವೆಂಪು ಮಾತ್ರ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನನ್ನು ಓದಿ ಮಲೆನಾಡನ್ನು ಕಂಡವರು ಅನ್ನುವುದು ನನ್ನ ಹಳೆಯ ದೂರು.

ತುಂಗೆಯ ಮಗಳು
ಈ ಮಾತು ಕೇಳಿ ಕೇಳಿ ಸಾಕಾಗಿದೆ! ಹೌದು, ಕುವೆಂಪು ಮೊದಲು ಇಂಗ್ಲಿಷಿನಲ್ಲೇ ಪದ್ಯ ಬರೆದರು. 1922ರಲ್ಲಿ ಪುಸ್ತಕವನ್ನೂ ತಂದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಓದಿದ್ದು ನಿಜ, ಪ್ರಭಾವ ನಿಜ. ಹಾರುವ ಹಕ್ಕಿ ಸಾಲನ್ನು ದೇವರ ರುಜು ಅಂದದ್ದರಲ್ಲಿ ಆ ಬೆಳಕು ಇರಬಹುದು. ಆದರೆ ‘ಮಲೆಗಳಲ್ಲಿ ಮದುಮಗಳು’ ತೆಗೆಯಿರಿ. ವರ್ಡ್ಸ್‌ವರ್ತ್‌ನ ಸರೋವರದ ನಾಡಿನಲ್ಲಿ ನಮ್ಮ ಇಂಬಳ, ಅದೇ ಜಿಗಣೆ, ಎಲ್ಲಿದೆ? ಕೆಸರು, ಬಗನಿ ಕಳ್ಳು, ಜೀತ, ಬಸಿರು, ಮಲೆ ತುಂಬ ಜಡಿಮಳೆ. ಗುತ್ತಿ ಮತ್ತು ಅವನ ನಾಯಿ ಹುಲಿಯ. ಕೊನೆಯಲ್ಲಿ ಆ ನಾಯಿ ತುಂಗೆಯ ನೆರೆಯಲ್ಲಿ ಕೊಚ್ಚಿಕೊಂಡು ಹೋಗುತ್ತದಲ್ಲ, ನಾನು ಪುಸ್ತಕ ಮುಚ್ಚಿ ಎರಡು ದಿನ ತೆಗೆಯಲಿಲ್ಲ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅನ್ನುವ ಮಾತು ನಾಯಿಗೂ ಇಂಬಳಕ್ಕೂ ಸೇರಿ ಬರೆದದ್ದು.

ಇಂಗ್ಲಿಷ್ ಕವಿಗೆ ಪ್ರಕೃತಿ ಒಬ್ಬನೇ ನಡೆಯುವ ಜಾಗ. ನಮಗೆ ಅದು ಜನ, ದನ, ದೆವ್ವ ಎಲ್ಲ ತುಂಬಿದ ಮನೆ.

ರದ್ದಿ ಅಂಗಡಿ
ಒಬ್ಬನೇ ನಡೆದ ಅನ್ನುವುದೂ ಪೂರ್ತಿ ನಿಜ ಅಲ್ಲ. ವರ್ಡ್ಸ್‌ವರ್ತ್ ತನ್ನ ಡ್ಯಾಫೋಡಿಲ್ ಪದ್ಯದಲ್ಲಿ ‘ಒಂಟಿ ಮೋಡದ ಹಾಗೆ ಅಲೆದೆ’ ಅಂತಾನೆ. ಆದರೆ 1802ರ ಏಪ್ರಿಲ್ 15ರಂದು ಆ ಹೂವು ನೋಡಿದಾಗ ತಂಗಿ ಡೊರೋತಿ ಜೊತೆಗಿದ್ದಳು, ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಪದ್ಯ ಅಚ್ಚಾದದ್ದು 1807ರಲ್ಲಿ. ಪದ್ಯದೊಳಗೆ ಬರುವ ಹೊತ್ತಿಗೆ ತಂಗಿ ಮಾಯ. ಆ ಕಾಲದ ಅವರ ಕಾವ್ಯಕ್ಕೆ ಒಂಟಿತನ ಬೇಕಿತ್ತು.

ಹೊಸೂರು ದಾರಿ
ಅಮೆರಿಕಾದ ಬರಹಗಾರ ಥೋರೋನೂ ಹಾಗೇ. ವಾಲ್ಡನ್ ಕೊಳದ ಪಕ್ಕ ಒಬ್ಬನೇ ಇದ್ದೆ ಅಂತಾನೆ, ಆದರೆ ಪಕ್ಕದಲ್ಲೇ ರೈಲು ಹೋಗುತ್ತಿತ್ತು. ಚಳಿಗಾಲದಲ್ಲಿ ನೂರು ಜನ ಬಂದು ಆ ಕೊಳದ ಮಂಜುಗಡ್ಡೆ ಕೊಯ್ಯುತ್ತಾರೆ. ಆ ಗಡ್ಡೆ ಮದರಾಸು, ಬೊಂಬಾಯಿ, ಕಲ್ಕತ್ತಾದ ಸೆಕೆಯ ಜನರಿಗೆ ಹೋಗುತ್ತದೆ ಅಂತ ನೆನೆಯುತ್ತಾನೆ. ಬೆಳಿಗ್ಗೆ ಭಗವದ್ಗೀತೆ ಓದುತ್ತಿದ್ದವನು, ವಾಲ್ಡನ್ ನೀರು ಗಂಗೆಯ ನೀರಿಗೆ ಸೇರಿತು ಅಂತಾನೆ. ಚೆನ್ನೈ ಬೀಚಿನ ಎದುರು ‘ಐಸ್ ಹೌಸ್’ ಇದೆಯಲ್ಲ, ಬಾಸ್ಟನ್ನಿನಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆ ಇಡಲು ಕಟ್ಟಿದ ಮನೆ ಅದು. ನಾನು ದಿನಾ ಅದರ ಮುಂದೆ ಬಸ್ ಕಾಯುತ್ತಿದ್ದೆ.

ಬಳ್ಳಾರಿ ಮನೆ
ಮಂಜುಗಡ್ಡೆ ಹಡಗಿನಲ್ಲಿ! ಇದನ್ನು ಮಗಳಿಗೆ ಹೇಳಿದೆ. ಬಳ್ಳಾರಿಗೂ ಬಂದಿತ್ತಾ ಅಂತ ಕೇಳುತ್ತಿದ್ದಾಳೆ.

ಪರ್ತ್ ಪುಟ್ಟ
ಆಸ್ಟ್ರೇಲಿಯಾದಿಂದ ಒಂದು ಮಾತು. ಇಲ್ಲಿ ಯುಗಾದಿ ಬರುವುದು ಬೇಸಿಗೆ ಮುಗಿಯುವ ಹೊತ್ತಿಗೆ. ಬೇವಿನ ಚಿಗುರು, ಕೋಗಿಲೆ ಅಂತ ಹಾಡುವಾಗ ಹೊರಗೆ ಅದ್ಯಾವುದೂ ಇರಲ್ಲ. ಇಂಗ್ಲೆಂಡಿನಿಂದ ಬಂದವರ ಕಥೆಯೂ ಇದೇ. ನೀಲಗಿರಿ ಮರಗಳು ಎಲೆ ಉದುರಿಸುವುದಿಲ್ಲ, ತೊಗಟೆ ಉದುರಿಸುತ್ತವೆ. ಅದು ಅವರ ಕಣ್ಣಿಗೆ ಒಗ್ಗಲಿಲ್ಲ. ಮಾರ್ಕಸ್ ಕ್ಲಾರ್ಕ್ ಎಂಬ ಬರಹಗಾರ 1876ರಲ್ಲಿ ಈ ಕಾಡುಗಳಲ್ಲಿ ವಿಚಿತ್ರ ವಿಷಾದ ತುಂಬಿದೆ ಅಂತ ಬರೆದ.

ಆದರೆ ಇಲ್ಲಿನ ಮೂಲದ ನೂಂಗಾರ್ ಜನರಿಗೆ ಆರು ಋತು. ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್. ನಮ್ಮ ಹಾಗೇ ಎರಡೆರಡು ತಿಂಗಳು! ಇದು ತಿಳಿದ ದಿನ ನಾನು ಎಷ್ಟು ಖುಷಿಪಟ್ಟೆ ಅಂದರೆ ಹೇಳಲಾರೆ. ಅದೇ ನೆಲ. ನಾಲ್ಕು ಋತುವಿನ ಕಣ್ಣಿಗೆ ವಿಷಾದ ಕಂಡಿತು. ಆರು ಋತುವಿನವರಿಗೆ ಯಾವ ಹೊತ್ತಿಗೆ ಯಾವ ಹೂವು, ಯಾವ ಮೀನು ಅಂತ ಲೆಕ್ಕ ಸಿಕ್ಕಿತು.

ಬಿಳಿಗೋಡೆ
ಭಾಷೆಯಲ್ಲೂ ಇದು ಕಾಣುತ್ತದೆ ನೋಡಿ. ಇಂಗ್ಲಿಷಿನಲ್ಲಿ ಮಳೆ ಬಂತು ಅನ್ನಲು ‘ಇಟ್’ ಅಂತ ಒಂದು ಖಾಲಿ ಪದ ಬೇಕು. ನಮ್ಮಲ್ಲಿ ಮಳೆ ತಾನೇ ಬರುತ್ತದೆ, ಹಿಡಿಯುತ್ತದೆ, ಹೊಯ್ಯುತ್ತದೆ, ಬಿಡುತ್ತದೆ. ನೆಂಟರ ಹಾಗೆ. ಅಮೆರಿಕಾದ ಪೊಟವಾಟಮಿ ಭಾಷೆಯಲ್ಲಿ ‘ಕೊಲ್ಲಿ’ ಅನ್ನುವುದು ಕ್ರಿಯಾಪದವಂತೆ, ನೀರು ಅಲ್ಲಿ ಕೊಲ್ಲಿಯಾಗಿ ಇರುತ್ತದೆ ಅನ್ನುವ ಅರ್ಥ. ರಾಬಿನ್ ವಾಲ್ ಕಿಮ್ಮರರ್ ಎಂಬ ಸಸ್ಯವಿಜ್ಞಾನಿ ಬರೆದಿದ್ದಾರೆ. ನಾವು ಮಾತ್ರ ಪ್ರಾಣಿಗಳಿಗೆಲ್ಲ ‘ಅದು’ ಅಂತೀವಿ.

ಎರೆ ಹೊಲ
ವ್ಯಾಕರಣ ಪುಸ್ತಕದಲ್ಲಿ ‘ಅದು’. ನಮ್ಮ ಮನೆಯಲ್ಲಿ ‘ಗೌರಿ ಮೇವು ಬಿಟ್ಟಾಳ, ಯಾಕ ನೋಡು’ ಅಂತ ಅವ್ವ ಕೂಗುತ್ತಾಳೆ. ಗೌರಿ ಅಂದರೆ ಎಮ್ಮೆ.

ತುಂಗೆಯ ಮಗಳು
ಜನಪದ ತ್ರಿಪದಿಯಲ್ಲಿ ಬೆಳಗಾಗಿ ಎದ್ದು ನೆನೆಯುವುದು ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು. ಭೂಮಿ ಚಂದ ಅಂತ ಅಲ್ಲ. ಬೆಳೆಯುತ್ತಾಳೆ ಅಂತ.

ಕೆರೆ ಏರಿ
ಇಷ್ಟೊತ್ತೂ ಮಗು ಕೇಳಿದ ಹಕ್ಕಿಗಳಿಗೆ ಯಾರೂ ಉತ್ತರ ಕೊಟ್ಟಿಲ್ಲ! ಸಾಮಾನ್ಯವಾಗಿ ಹೀಗೆ ಅರ್ಥ ಹೇಳುತ್ತಾರೆ. ಕೂವೂ ಅಂದರೆ ಅಲ್ಲಿನ ಕುಕೂ, ನಮ್ಮ ಕೋಗಿಲೆಯ ನೆಂಟ. ಎರಡೂ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಜಗ್ ಜಗ್ ಅಂದರೆ ನೈಟಿಂಗೇಲ್, ಅದು ನಮ್ಮಲ್ಲಿ ಇಲ್ಲ. ಟೂವಿಟ್ಟವೂ ಅಂದರೆ ಗೂಬೆ.

ಕಾಗದದ ದೋಣಿ
ಗೂಬೆಯಾ? ಸಂತೋಷದ ಪದ್ಯದಲ್ಲಿ ಗೂಬೆಯಾ? ನಮ್ಮ ಅಜ್ಜಿ ಗೂಬೆ ಕೂಗಿದರೆ ಬಾಗಿಲಿಗೆ ಬಂದು ಉಗಿದು ಹೋಗುತ್ತಿದ್ದರು.

ಕೆರೆ ಏರಿ
ಅದೇ ನೋಡಿ. ಶ್ರೀಯವರು ಸದ್ದು ಮಾತ್ರ ಇಟ್ಟು ಹೆಸರು ಹೇಳಲಿಲ್ಲ. ಹೇಳಿದ್ದರೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಆ ಪದ್ಯ ಹೇಳಿಕೊಡುತ್ತಿದ್ದರೋ ಇಲ್ಲವೋ!

ಈಗ ಪುವ್ವೀ. ಅದು ಅಲ್ಲಿನ ಲ್ಯಾಪ್‌ವಿಂಗ್. ಅದರ ಸ್ವಂತ ಕುಲದ ಹಕ್ಕಿ ನಿಮ್ಮ ಬಳ್ಳಾರಿಯಲ್ಲೇ ಇದೆ. ಟಿಟ್ಟಿಭ. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಜೊತೆ ಜಗಳಕ್ಕೆ ನಿಂತ ಹಕ್ಕಿ ಅದೇ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ. ನಿಮ್ಮನ್ನು ಕಂಡ ಕೂಡಲೇ ಟಿಟ್ಟಿಟ್ಟೀ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಗೂಡು ಕಟ್ಟುವುದಿಲ್ಲ. ಬಯಲಲ್ಲಿ ಕಲ್ಲು ಹರಳಿನ ನಡುವೆ ಮೂರ್ನಾಲ್ಕು ಮೊಟ್ಟೆ ಇಡುತ್ತದೆ, ಮೊಟ್ಟೆಯೂ ಕಲ್ಲಿನ ಬಣ್ಣ. ಇದೇ ತಿಂಗಳುಗಳಲ್ಲಿ. ಬೆಳಿಗ್ಗೆ ಕೆರೆ ಹತ್ತಿರ ಕರೆದುಕೊಂಡು ಹೋಗಿ. ದೂರ ನಿಲ್ಲಿ, ಹತ್ತಿರ ಹೋದರೆ ತಾಯಿ ಎದ್ದುಬಿಡುತ್ತದೆ, ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತದೆ. ಅದರ ಹೊಟ್ಟೆಯ ಕಡೆ ನೋಡಲು ಹೇಳಿ. ಯಾಕೆ ಅಂತ ಈಗ ಹೇಳಲ್ಲ.

ಬಳ್ಳಾರಿ ಮನೆ
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್, ಒಂದೊಂದೇ ಉತ್ತರ ಮಗಳಿಗೆ ಓದಿ ಹೇಳಿದೆ.

ಮೂರು ದಿನ ಏನೂ ಸಿಗಲಿಲ್ಲ. ಇವತ್ತು ಬೆಳಿಗ್ಗೆ ಎಂಟೂವರೆಗೆ ಸಿಕ್ಕಿತು. ಕೆರೆಯಲ್ಲಿ ನೀರು ಅಂಗೈ ಅಷ್ಟಿದೆ. ಒಂದು ಟಿಟ್ಟಿಭ ನೀರಿಗೆ ಇಳಿದು ಹೊಟ್ಟೆ ಅದ್ದಿ ಅದ್ದಿ ಕೂರುತ್ತಿತ್ತು. ಸ್ನಾನ ಅಂದುಕೊಂಡೆವು. ಆಮೇಲೆ ಎದ್ದು ಗರಿಯಿಂದ ನೀರು ತೊಟ್ಟಿಕ್ಕುತ್ತಿರುವ ಹಾಗೇ ಓಡಿ ಹೋಗಿ ಬಯಲಲ್ಲಿ ಕೂತಿತು. ಮೊದಲು ಅಲ್ಲಿ ಕೂತಿದ್ದ ಇನ್ನೊಂದು ಎದ್ದು ನೀರಿಗೆ ಬಂತು. ಹೀಗೆ ಐದು ಸಲ. ಎದ್ದಾಗ ಒಂದು ಕ್ಷಣ ಮೊಟ್ಟೆ ಕಂಡವು, ಮಗಳಿಗೇ ಮೊದಲು ಕಂಡಿದ್ದು.

“ಅಮ್ಮ, ಕಾವು ಕೊಡ್ತಿಲ್ಲ, ತಣ್ಣಗೆ ಮಾಡ್ತಿದೆ” ಅಂದಳು.

@ಕೆರೆ ಏರಿ, ನೀವು ಹೇಳದೆ ಬಿಟ್ಟದ್ದು ಇದೇ ತಾನೇ?

ಪದ್ಯ ಬಿಟ್ಟಿಲ್ಲ. ‘ಚಳಿಯನು ಕೊಂದ’ ಬಂದಾಗ ‘ಇದು ಮಿನಸೋಟ ಆಂಟಿದು’ ಅಂತಾಳೆ. ಪುವ್ವೀ ಬಂದಾಗ ಕೆರೆ ಕಡೆ ಕೈ ತೋರಿಸುತ್ತಾಳೆ.

ಕೆರೆ ಏರಿ
ಅದೇ. ಇನ್ನು ಮೂರು ವಾರ ಆ ಕಡೆ ನಾಯಿ ಬಿಡದ ಹಾಗೆ ನೋಡಿಕೊಳ್ಳಿ. ಮರಿ ಹೊರಗೆ ಬಂದ ದಿನವೇ ಓಡುತ್ತವೆ, ತಪ್ಪದೆ ಬರೆಯಿರಿ.